ಮಣ್ಣಿಗೆ ಊಟ ಹಾಕಿದ ಮಕ್ಕಳು

ಹುತ್ತೂರಿನ ಹತ್ತಿರದ ಒಂದು ಊರಿನಲ್ಲಿ ನಾನು ಅಂಗನವಾಡಿ ಟೀಚರ್. ಬೆಳಿಗ್ಗೆ ಚಿಕ್ಕ ಚಿಕ್ಕ ಮಕ್ಕಳು ಬರುತ್ತಾರೆ, ಹಾಡುತ್ತಾರೆ, ಆಡುತ್ತಾರೆ, ಜಗಳವಾಡುತ್ತಾರೆ, ಊಟ ಮಾಡಿ ಒಂದು ನಿದ್ದೆ ತೆಗೆದು ಮನೆಗೆ ಹೋಗುತ್ತಾರೆ. ಅಡುಗೆ ಮಾಡುವುದಕ್ಕೂ ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ನನ್ನ ಜೊತೆಗೆ ಒಬ್ಬ ಸಹಾಯಕಿ ಇದ್ದಾರೆ. ನನಗಿಂತ ದೊಡ್ಡವರಾದ್ದರಿಂದ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಸಿಟ್ಟು ಬಂದರೂ ನಗು ಬಂದರೂ ಅಕ್ಕನ ಬಾಯಿಗೆ ಮೊದಲು ಬರುವುದು ತೆಲುಗು.

ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಕೋಲಾರದಲ್ಲಿ ನಮಗೆಲ್ಲ ಒಂದು ತರಬೇತಿ ಇತ್ತು. ಪರಿಸರವನ್ನು ಉಳಿಸಿಕೊಂಡು ಬದುಕುವುದನ್ನು ಪುಟ್ಟ ಮಕ್ಕಳಿಂದಲೇ ಶುರು ಮಾಡಬೇಕು ಎಂಬುದು ವಿಷಯ. ತರಬೇತಿ ಕೊಟ್ಟವರು ಹತ್ತು ಮಾತಿಗೊಮ್ಮೆ ‘ಸುಸ್ಥಿರತೆ’ ಎನ್ನುತ್ತಿದ್ದರು. ಚಪ್ಪಲಿಯನ್ನು ಎಡ ಬಲ ಗೊತ್ತಾಗದೆ ಹಾಕಿಕೊಳ್ಳುವ ನನ್ನ ಮಕ್ಕಳಿಗೆ ಈ ಪದವನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಲೇ ಬಸ್ಸು ಹತ್ತಿದ್ದೆ. ಆದರೂ ಒಳಗೊಳಗೇ ಹುರುಪು. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಭೂಮಿಯ ಚಿತ್ರ ಇರುವ ದೊಡ್ಡ ಚಾರ್ಟನ್ನು ಕೊಂಡು, ಅದು ಮಡಚಿಹೋಗದಂತೆ ಊರಿನವರೆಗೂ ಮಗುವಿನ ಹಾಗೆ ಎತ್ತಿಕೊಂಡೇ ಬಂದೆ.

ಮಾರನೆಯ ದಿನ ಚಾರ್ಟನ್ನು ಗೋಡೆಗೆ ಅಂಟಿಸಿ ಪಾಠ ಶುರು ಮಾಡಿದೆ. ಭೂಮಿ ನಮ್ಮ ತಾಯಿ, ಅವಳೇ ನಮಗೆ ಊಟ ಕೊಡುತ್ತಾಳೆ, ಅವಳನ್ನು ನಾವು ಚೆನ್ನಾಗಿ ನೋಡಿಕೊಳ್ಳಬೇಕು ಎಂದೆಲ್ಲ ಹೇಳಿದೆ. ಒಬ್ಬ ಆಕಳಿಸಿದ. ಇನ್ನೊಬ್ಬಳು ಪಕ್ಕದವಳ ಜಡೆಯ ರಿಬ್ಬನ್ ಬಿಚ್ಚುವುದರಲ್ಲಿ ಮುಳುಗಿದ್ದಳು. ನನ್ನ ಗಂಟಲು ಒಣಗಿ, ಇವತ್ತಿಗೆ ಸಾಕು ಅನ್ನಿಸುವಷ್ಟರಲ್ಲಿ ಮೂಲೆಯಿಂದ ಒಂದು ದನಿ ಎದ್ದಿತು. ಊರಿನ ಚಿಲ್ಲರೆ ಅಂಗಡಿಯವರ ಮಗಳು. ಅಂಗನವಾಡಿಗೆ ಬರುವ ಮಕ್ಕಳಲ್ಲೆಲ್ಲ ಹೆಚ್ಚು ಮಾತಾಡುವವಳು ಅವಳೇ.

“ಮಿಸ್, ಭೂಮಿಗೆ ಊಟ ಯಾರು ಹಾಕ್ತಾರೆ?”

ಆಕಳಿಸುತ್ತಿದ್ದವನು ಬಾಯಿ ಮುಚ್ಚಿದ. ಎಲ್ಲರೂ ನನ್ನ ಕಡೆ ನೋಡಿದರು. ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿಬಿಟ್ಟೆ: “ನಾವೇ ಹಾಕೋಣ. ಏನು ಹಾಕಿದ್ರೆ ತಿನ್ನುತ್ತೆ, ಏನು ಹಾಕಿದ್ರೆ ತಿನ್ನಲ್ಲ, ನೋಡೋಣ ಬನ್ರೋ.”

ಎಲ್ಲರೂ ಒಮ್ಮೆಲೇ ಎದ್ದ ರಭಸಕ್ಕೆ ಚಾಪೆಗಳು ಸುರುಳಿ ಸುತ್ತಿಕೊಂಡವು.

ಅಂಗನವಾಡಿಯ ಹಿಂದೆ ಒಂದು ಹೊಂಗೆ ಮರ, ಅದರಾಚೆ ಒಂದಷ್ಟು ಖಾಲಿ ಜಾಗ. ಅಲ್ಲಿ ಗುಂಡಿ ತೋಡುವುದೆಂದು ತೀರ್ಮಾನವಾಯಿತು. ಅಕ್ಕ ಸೌಟು ಹಿಡಿದುಕೊಂಡೇ ಅಡುಗೆ ಮನೆಯಿಂದ ಹೊರಗೆ ಬಂದರು.

“ಅಬ್ಬೋ, ಏನ್ ಮಿಸ್ ಇದು? ಮಕ್ಕಳ ಕೈ ತೊಳ್ಸಿ ತೊಳ್ಸಿ ನನಗೆ ಸಾಕಾಗಿದೆ. ನೀವೇ ಮಣ್ಣಿಗೆ ಇಳಿಸ್ತಾ ಇದೀರಲ್ಲ!”

“ಮಣ್ಣಿಗೆ ಊಟ ಹಾಕ್ತೀವಕ್ಕ.”

“ಅದೊಂದು ಬಾಕಿ ಇತ್ತು,” ಎನ್ನುತ್ತ ಒಳಗೆ ಹೋದವರು ಸನಿಕೆ ತಂದು, ಮೇಲಿನ ಗಟ್ಟಿ ನೆಲವನ್ನು ತಾವೇ ಬಿಡಿಸಿಕೊಟ್ಟರು. ಮಿಕ್ಕಿದ್ದನ್ನು ಮಕ್ಕಳು ತೆಂಗಿನ ಚಿಪ್ಪು, ಹಳೆಯ ಚಮಚ, ಬರಿಗೈ, ಏನು ಸಿಕ್ಕಿತೋ ಅದರಲ್ಲಿ ತೋಡಿದರು. ಮಧ್ಯಾಹ್ನದ ಊಟದಲ್ಲಿ ಮೊಟ್ಟೆ ಇತ್ತು. ಎಲ್ಲರೂ ತಮ್ಮ ತಮ್ಮ ಮೊಟ್ಟೆಯ ಸಿಪ್ಪೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಗುಂಡಿಯ ಹತ್ತಿರ ಬಂದ ಗಾಂಭೀರ್ಯವನ್ನು ನೋಡಬೇಕಿತ್ತು. ಬಾಳೆಹಣ್ಣಿನ ಸಿಪ್ಪೆ ಬಿತ್ತು. ರೇಷ್ಮೆ ಹುಳು ಸಾಕುವ ಮನೆಯ ಹುಡುಗಿ ಓಡಿಹೋಗಿ, ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪನ್ನು ಲಂಗದಲ್ಲಿ ತುಂಬಿಕೊಂಡು ಬಂದಳು. ಯಾರೋ ಕಿತ್ತುಹೋದ ಹವಾಯಿ ಚಪ್ಪಲಿಯ ಬಾರು ತಂದರು. ಅಂಗಡಿಯವರ ಮಗಳು ಸುಮ್ಮನಿರುತ್ತಾಳೆಯೇ? ಆಗಷ್ಟೇ ತಿಂದು ಮುಗಿಸಿದ ಚಿಪ್ಸಿನ ಕವರನ್ನು, ಒಳಗಿನ ಖಾರದ ಪುಡಿಯನ್ನೂ ನೆಕ್ಕಿ, ಗುಂಡಿಗೆ ಹಾಕಿದಳು.

“ಇದು ಮಣ್ಣಿಗೆ ತುಂಬಾ ಇಷ್ಟ ಆಗುತ್ತೆ ಮಿಸ್. ನನಗೂ ಇಷ್ಟ.”

ಮಣ್ಣು ಮುಚ್ಚಿ, ಗುರುತಿಗೆ ಒಂದು ಕಡ್ಡಿ ನೆಟ್ಟು, ಊಟವಾದ ಮೇಲೆ ನೀರು ಬೇಡವೇ ಎಂದು ಒಂದು ಚೊಂಬು ನೀರನ್ನೂ ಹಾಕಿದೆವು.

ಆಮೇಲೆ ಕಾಯುವುದೇ ಕಷ್ಟವಾಯಿತು. ದಿನಾ ಬೆಳಿಗ್ಗೆ ಬಂದವರೇ ಬ್ಯಾಗೂ ಇಳಿಸದೆ ಹಿಂದಕ್ಕೆ ಓಡುತ್ತಿದ್ದರು. “ತಿಂತಾ ಮಿಸ್? ತಿಂತಾ?” ಒಬ್ಬ ನೆಲಕ್ಕೆ ಕಿವಿಯಿಟ್ಟು ಮಲಗಿ, ಅಗಿಯುವ ಸದ್ದು ಕೇಳಿಸುತ್ತಿದೆ ಎಂದ. ಅವನ ಮಾತು ಕೇಳಿ ಎಲ್ಲರೂ ಸಾಲಾಗಿ ನೆಲಕ್ಕೆ ಕಿವಿಯಿಟ್ಟು ಮಲಗಿದರು. ಆ ಹೊತ್ತಿಗೆ ಸರಿಯಾಗಿ ಒಬ್ಬ ತಾಯಿ ಮಗುವನ್ನು ಬಿಡಲು ಬಂದು, ಎಲ್ಲರೂ ಹೀಗೆ ಬಿದ್ದಿರುವುದನ್ನು ಕಂಡು ಕೂಗಿಕೊಂಡೇಬಿಟ್ಟರು. ನನಗೂ ಮಕ್ಕಳಷ್ಟೇ ಕುತೂಹಲ. ಭಾನುವಾರ ಮನೆಯಲ್ಲಿ ಬಟ್ಟೆ ಒಗೆಯುವಾಗಲೂ, ಈಗ ಆ ಸಿಪ್ಪೆ ಎಷ್ಟು ಕರಗಿರಬಹುದು ಎಂದು ಯೋಚಿಸುತ್ತಿದ್ದೆ.

ಗೌರಿ ಗಣೇಶ ಹಬ್ಬ ಮುಗಿದ ಮೇಲೆ ಅಗೆದೆವು. ಮಣ್ಣು ಬೇರೆಯೇ ಆಗಿತ್ತು, ಕಪ್ಪಗೆ, ಮೆತ್ತಗೆ. ಮೊದಲು ಹೊರಬಂದದ್ದು ದಪ್ಪನೆಯ ಎರೆಹುಳು. ಮಕ್ಕಳು ಕಿರುಚಿ ಹಿಂದೆ ಸರಿದು, ಮರುಕ್ಷಣವೇ ಇನ್ನೂ ಹತ್ತಿರಕ್ಕೆ ಬಂದರು. ಬಾಳೆಹಣ್ಣಿನ ಸಿಪ್ಪೆ ಎಲ್ಲೂ ಇಲ್ಲ. ಹುಡುಕಿದರು, ಕೆದಕಿದರು, ಇಲ್ಲವೇ ಇಲ್ಲ.

“ತಿಂದ್ಬಿಟ್ಟಿದೆ! ಪೂರ್ತಿ ತಿಂದ್ಬಿಟ್ಟಿದೆ!”

ಹಿಪ್ಪುನೇರಳೆ ಸೊಪ್ಪಿನಲ್ಲಿ ನರಗಳು ಮಾತ್ರ ಉಳಿದು ಬಲೆಯ ಹಾಗಾಗಿತ್ತು. ಅದನ್ನು ಬೆಳಕಿಗೆ ಹಿಡಿದಾಗ ನಾನೇ ಉಸಿರು ಬಿಗಿಹಿಡಿದೆ, ಅಷ್ಟು ಚೆಂದ. ಮೊಟ್ಟೆಯ ಸಿಪ್ಪೆ ಚೂರು ಚೂರು. ಮೊಟ್ಟೆಯದು ಗಟ್ಟಿ, ಮಣ್ಣು ನಿಧಾನಕ್ಕೆ ಅಗಿಯುತ್ತಿದೆ ಎಂದು ಅವರೇ ಹೇಳಿಕೊಂಡರು. ಚಪ್ಪಲಿಯ ಬಾರು ಹಾಕಿದ ಹಾಗೇ ಇತ್ತು. ಕೊನೆಗೆ ಅಂಗಡಿಯವರ ಮಗಳು ತನ್ನ ಕವರನ್ನು ಎಳೆದು ತೆಗೆದಳು. ಫ್ರಾಕಿಗೆ ಒರೆಸಿದಳು. ಅದು ಫಳಫಳ ಹೊಳೆಯಿತು. ಅವಳ ಮುಖ ಸಣ್ಣದಾಯಿತು.

“ಮಿಸ್, ಮಣ್ಣು ಇದನ್ನ ಮುಟ್ಟೇ ಇಲ್ಲ.”

“ಉಗಿದ್ಬಿಟ್ಟಿದೆ ಕಣೇ,” ಎಂದ ಅವಳ ಪಕ್ಕದವನು.

“ಇಲ್ಲ, ಮೇಲ್ಮೇಲೆ ಹಾಕಿದ್ವಿ. ಅದಕ್ಕೆ ಸಿಕ್ಕಿಲ್ಲ. ಇನ್ನೂ ಕೆಳಗೆ ಹಾಕೋಣ, ಹೊಟ್ಟೆ ಹತ್ರ!”

ತರಬೇತಿಯ ಯಾವ ಪುಟದಲ್ಲೂ ಇಲ್ಲದ್ದು ಇದು. ಅವಳು ಸುಮ್ಮನೆ ಒಪ್ಪಿಕೊಳ್ಳಲು ತಯಾರಿರಲಿಲ್ಲ, ಮತ್ತೊಮ್ಮೆ ಮಾಡಿ ನೋಡಬೇಕು ಎನ್ನುತ್ತಿದ್ದಳು. ಅಕ್ಕನ ಕೈಯಲ್ಲಿ ಮತ್ತೆ ಸನಿಕೆ ಹಿಡಿಸಿ, ಮೊದಲಿಗಿಂತ ಆಳಕ್ಕೆ ತೋಡಿಸಿ, ಕವರನ್ನು ಮತ್ತೆ ಹೂತೆವು.

ಆ ಹೊತ್ತಿಗೆ ‘ಮಣ್ಣು ತಿನ್ನುತ್ತೆ, ಮಣ್ಣು ತಿನ್ನಲ್ಲ’ ಎಂಬುದು ಊರೆಲ್ಲ ಹರಡಿತ್ತು. ನಾನು ಹೇಳಿಕೊಟ್ಟಿದ್ದಲ್ಲ, ಮಕ್ಕಳೇ ಆಟ ಮಾಡಿಕೊಂಡಿದ್ದರು. ಕಣ್ಣಿಗೆ ಬಿದ್ದ ವಸ್ತುವಿಗೆಲ್ಲ ಬೆರಳು ತೋರಿಸಿ ಕೂಗುವುದು. ಸಗಣಿ? ತಿನ್ನುತ್ತೆ! ಬಕೆಟ್ಟು? ತಿನ್ನಲ್ಲ! ಟೊಮೆಟೊ? ತಿನ್ನುತ್ತೆ! ಟೊಮೆಟೊ ಬಾಕ್ಸು? ತಿನ್ನಲ್ಲ! ತಾತ? ಇಲ್ಲಿ ಮಾತ್ರ ಜಗಳವಾಗುತ್ತಿತ್ತು. ಒಂದು ಮನೆಯಲ್ಲಿ ನಾಮಕರಣಕ್ಕೆ ತಂದಿದ್ದ ಪ್ಲಾಸ್ಟಿಕ್ ತಟ್ಟೆಗಳನ್ನು ನೋಡಿ ಆ ಮನೆಯ ಹುಡುಗ ಎಲ್ಲರೆದುರು “ತಿನ್ನಲ್ಲ!” ಎಂದು ಕೂಗಿದನಂತೆ. ಅಡುಗೆ ರುಚಿಯಾಗಿಲ್ಲವೆಂದು ಮಗು ಹೇಳುತ್ತಿದೆ ಎಂದುಕೊಂಡು ಅಡುಗೆಯವರು ಬೇಜಾರು ಮಾಡಿಕೊಂಡರಂತೆ.

ಒಂದು ಬೆಳಿಗ್ಗೆ ಚಿಲ್ಲರೆ ಅಂಗಡಿಯವರೇ ಬಾಗಿಲಿಗೆ ಬಂದು ನಿಂತರು. ಯಾವಾಗಲೂ ನಗುನಗುತ್ತಾ ಮಾತಾಡುವ ಮನುಷ್ಯ, ಅವತ್ತು ಮುಖ ಬಿಗಿದುಕೊಂಡಿದ್ದರು.

“ಮೇಡಂ, ಸ್ವಲ್ಪ ಹೊರಗಡೆ ಬರ್ತೀರಾ?”

ಹೋದೆ.

“ನನ್ನ ಮಗಳಿಗೆ ಏನು ಹೇಳ್ಕೊಟ್ಟಿದೀರ ನೀವು? ಸಾಯಂಕಾಲ ಆದ್ರೆ ಅಂಗಡಿ ಮುಂದೆ ಕಲ್ಲಿನ ಮೇಲೆ ಕೂತ್ಕೊಂತಾಳೆ. ಬಂದೋರಿಗೆಲ್ಲ ‘ಅದು ತಗೋಬೇಡಿ, ಮಣ್ಣು ಇನ್ನೂ ತಿಂದಿಲ್ಲ’ ಅಂತಾಳೆ. ನಿನ್ನೆ ಒಬ್ಬ ಹುಡುಗ ಕೈಗೆ ತಗೊಂಡಿದ್ದ ಪ್ಯಾಕೆಟ್ಟನ್ನ ವಾಪಸ್ ಇಟ್ಟು ಹೋದ. ನನ್ನ ಅಂಗಡಿಗೆ ನನ್ನ ಮಗಳೇ ಅಡ್ಡ ನಿಂತ್ರೆ ಹೆಂಗೆ ಮೇಡಂ?”

ನಗು ಉಕ್ಕಿ ಬಂತು, ತುಟಿ ಕಚ್ಚಿಕೊಂಡೆ. ಜೊತೆಗೇ ಎದೆಯಲ್ಲಿ ಸಣ್ಣ ಅಳುಕು. ಇವರು ಪಂಚಾಯಿತಿಯವರ ಹತ್ತಿರ ಹೋಗಿ ದೂರು ಹೇಳಿದರೆ, ಟೀಚರ್ ಮಕ್ಕಳ ತಲೆ ಕೆಡಿಸುತ್ತಿದ್ದಾರೆ ಎಂದು ಸುದ್ದಿಯಾದರೆ?

“ತಗೋಬೇಡಿ ಅಂತ ನಾನು ಹೇಳ್ಕೊಟ್ಟಿಲ್ಲ ಅಣ್ಣ. ಅವಳು ಕಣ್ಣಲ್ಲಿ ನೋಡಿದ್ದನ್ನ ಹೇಳ್ತಿದ್ದಾಳೆ, ಅಷ್ಟೇ.”

“ಅದೇನು ನೋಡಿದ್ಳು ಅಂಥಾದ್ದು?”

“ದೀಪಾವಳಿ ಆದ್ಮೇಲೆ ಇನ್ನೊಂದ್ಸಲ ಅಗೀತೀವಿ. ನೀವೂ ಬನ್ನಿ, ನೋಡಿ.”

“ಮಣ್ಣು ನೋಡೋಕೆ ಅಂಗಡಿ ಬಾಗ್ಲು ಹಾಕ್ಕೊಂಡು ಬರ್ಲಾ ನಾನು?” ಎಂದು ಹೊರಟೇಬಿಟ್ಟರು.

ಆದರೆ ಅವರ ಮಗಳು ಬಿಟ್ಟರೆ ತಾನೇ? ಹಬ್ಬದ ದಿನವೆಲ್ಲ ಅಪ್ಪನ ಬೆನ್ನು ಬಿದ್ದಿದ್ದಳಂತೆ. ಅಗೆಯುವ ದಿನ ಅವಳು ಅವರ ಬೆರಳು ಹಿಡಿದು ಎಳೆದುಕೊಂಡೇ ಬಂದಳು. ಅಂಗಡಿ ಬಾಗಿಲು ಹಾಕಿ ಬಂದಿದ್ದೀನಿ, ಬೇಗ ಮುಗಿಸಿ ಎಂದರು ಅವರು. ಇನ್ನೂ ಕೆಲವು ತಾಯಂದಿರು ಬಂದಿದ್ದರು. ಅಕ್ಕ ಎಲ್ಲರಿಗೂ ಟೀ ಮಾಡಿಟ್ಟಿದ್ದರು.

ಹಿಂದೆ ಹೋಗಿ ನೋಡಿದರೆ ಗುರುತಿನ ಕಡ್ಡಿಯೇ ಇಲ್ಲ! ಯಾರದೋ ಮೇಕೆ ನುಗ್ಗಿ ಎಲ್ಲವನ್ನೂ ತುಳಿದುಹಾಕಿತ್ತು, ಅದರ ಮೇಲೆ ಮಳೆ ಬೇರೆ ಬಿದ್ದು ನೆಲ ಸಮವಾಗಿತ್ತು. “ಇಲ್ಲಿ ಮಿಸ್!” “ಅಲ್ಲಲ್ಲ, ಇಲ್ಲಿ!” ಒಬ್ಬೊಬ್ಬರೂ ಒಂದೊಂದು ಕಡೆ ಬೆರಳು ಮಾಡಿದರು. ಅಂಗಡಿಯವರಿಗೆ ತಾಳ್ಮೆ ತಪ್ಪಿತು. “ಕೊಡಿ ಇಲ್ಲಿ,” ಎಂದು ಸನಿಕೆ ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ ತಾವೇ ಅಗೆಯಲು ನಿಂತರು. ತೋಟದಲ್ಲಿ ದುಡಿದ ಕೈ, ಒಂದೊಂದು ಏಟಿಗೂ ಇಷ್ಟಿಷ್ಟು ಮಣ್ಣು ಮೇಲೆ ಬರುತ್ತಿತ್ತು. ಪ್ರತಿ ಏಟಿಗೂ ಮಕ್ಕಳು “ಹೋ!” ಎನ್ನುತ್ತಿದ್ದರು. ಆ ಕೂಗಿಗೆ ಅವರಿಗೂ ಉತ್ಸಾಹ ಏರಿ ಅಗಲವಾಗಿ ಅಗೆಯುತ್ತ ಮರದ ಬುಡದ ಕಡೆಗೆ ಸರಿದರು.

ಬಣ್ಣದ್ದೇನೋ ಮಿಂಚಿತು. ಮಗಳು ಹಾರಿ ಗುಂಡಿಗೆ ಇಳಿದಳು.

“ಸಿಕ್ತು! ಅಪ್ಪಾ, ಸಿಕ್ತು!”

ಆದರೆ ಅವಳು ಎತ್ತಿ ಹಿಡಿದದ್ದು ಅವಳ ಚಿಪ್ಸಿನ ಕವರಲ್ಲ. ಅಂಗೈಗಿಂತ ಚಿಕ್ಕದು, ಎರಡು ತುದಿಯನ್ನೂ ತಿರುಚಿದ್ದ, ಪೆಪ್ಪರ್‌ಮೆಂಟಿನ ಸುತ್ತ ಬರುವ ಪ್ಲಾಸ್ಟಿಕ್ ಕಾಗದ. ಅಂಥದ್ದನ್ನು ನಾನು ಈಚೆಗೆ ಯಾವ ಅಂಗಡಿಯಲ್ಲೂ ನೋಡಿರಲಿಲ್ಲ. ಅವಳು ಚೊಂಬಿನ ನೀರಲ್ಲಿ ಅದ್ದಿ ತೆಗೆದಾಗ ಕಿತ್ತಳೆ ಬಣ್ಣದ ಪಟ್ಟಿಯೂ ಅದರ ಮೇಲಿನ ಪುಟ್ಟ ಗಿಣಿಯೂ ಎದ್ದು ಕಂಡವು.

ಅಂಗಡಿಯವರ ಕೈಯಿಂದ ಸನಿಕೆ ಜಾರಿತು. ಆ ಕಾಗದವನ್ನು ತೆಗೆದುಕೊಂಡು, ಹೆಬ್ಬೆರಳಿನಿಂದ ನೀವಿ ನೀವಿ ನೋಡಿದರು.

“ಲೇ... ಗಿಣಿ ಪೆಪ್ಪರ್‌ಮೆಂಟು!”

“ಏನಪ್ಪಾ ಅದು?”

“ಮೇಡಂ, ಇದು ಈಗ ಬರೋದೇ ಇಲ್ಲ. ನಾನು ಚಡ್ಡಿ ಹಾಕ್ಕೊಂಡು ಸ್ಕೂಲಿಗೆ ಬರ್ತಿದ್ದಾಗ ಇದ್ದಿದ್ದು. ಆಗ ಸ್ಕೂಲು ಇಲ್ಲೇ ಇತ್ತು, ಈ ಅಂಗನವಾಡಿ ಇರೋ ಜಾಗದಲ್ಲೇ. ಬೆಲ್ ಹೊಡೆದ್ರೆ ಓಡಿಬಂದು ಈ ಹೊಂಗೆ ಮರದ ಕೆಳಗೆ ಕೂತ್ಕೊಂಡು ತಿಂತಿದ್ವಿ. ಅಬ್ಬಾ, ನಾಲಿಗೆ ಕೆಂಪಗಾಗೋದು!” ಅವರು ನಾಲಿಗೆ ಹೊರಚಾಚಿ ತೋರಿಸಿಯೇಬಿಟ್ಟರು. ತಾಯಂದಿರಲ್ಲಿ ಒಬ್ಬರು, ಅದೇ ಊರಲ್ಲಿ ಹುಟ್ಟಿ ಅದೇ ಊರಿಗೆ ಕೊಟ್ಟವರು, ಟೀ ಲೋಟ ಕೆಳಗಿಟ್ಟು ಓಡಿಬಂದರು. “ಎಲ್ಲಿ, ಎಲ್ಲಿ, ತೋರಿಸಣ್ಣ! ಅಯ್ಯೋ ಹೌದು! ಹಸಿರುದೂ ಬರ್ತಿತ್ತಲ್ಲ!”

ಮಕ್ಕಳಿಗೆ ತಡೆಯಲಾಗದ ಸಂಭ್ರಮ. ದೊಡ್ಡವರು ಹೀಗೆ ಕೂಗಾಡುವುದನ್ನು ಅವರು ನೋಡಿಯೇ ಇರಲಿಲ್ಲ. ಆ ಗದ್ದಲದ ನಡುವೆ ಮಗಳು ಅಪ್ಪನ ಪಂಚೆ ಹಿಡಿದು ಜಗ್ಗಿದಳು.

“ಅಪ್ಪಾ, ಇದು ನೀನು ಹಾಕಿದ್ದಾ?”

“ಇರಬಹುದಮ್ಮ. ಯಾರಿಗೆ ಗೊತ್ತು?”

“ನೀನು ನನ್ನಷ್ಟು ಇದ್ದಾಗ?”

“ನಿನಗಿಂತ ಸ್ವಲ್ಪ ದೊಡ್ಡೋನು.”

ಅವಳು ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. ಆ ಮೀಸೆಯ ಮನುಷ್ಯ ಚಡ್ಡಿ ಹಾಕಿದ ಹುಡುಗನಾಗಿದ್ದದ್ದು, ದೊಡ್ಡವನಾದದ್ದು, ಮದುವೆಯಾದದ್ದು, ತಾನು ಹುಟ್ಟಿದ್ದು, ಅಷ್ಟು ಕಾಲವನ್ನೂ ಅವಳು ಆ ಕ್ಷಣದಲ್ಲಿ ಅಳೆಯುತ್ತಿದ್ದಳೋ ಏನೋ. ಆಮೇಲೆ ನಿಧಾನಕ್ಕೆ ಹೇಳಿದಳು:

“ಅವಾಗಿಂದ ತಿಂದೇ ಇಲ್ವಾ?”

ಅಂಗಡಿಯವರು ಗಿಣಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ಆಮೇಲೆ ಅವರು ಜೋರಾಗಿ ನಕ್ಕು ಮಗಳನ್ನು ಎತ್ತಿಕೊಂಡರು. “ತಿಂದಿಲ್ಲ ಕಣಮ್ಮ. ಗಿಣಿನೂ ಹಂಗೇ ಇದೆ ನೋಡು.”

ಚಿಪ್ಸಿನ ಕವರೂ ಸ್ವಲ್ಪ ಹೊತ್ತಿನಲ್ಲಿ ಸಿಕ್ಕಿತು, ಯಥಾಪ್ರಕಾರ ಹೊಳೆಯುತ್ತ. ಅದನ್ನು ಯಾರೂ ಕೇಳಲಿಲ್ಲ. ಎಲ್ಲರಿಗೂ ಗಿಣಿಯೇ ಬೇಕಿತ್ತು. ಅದು ಕೈಯಿಂದ ಕೈಗೆ ಹೋಗಿ, ಊರಿನ ಹಿರಿಯರವರೆಗೂ ತಲುಪಿತು. ಅಂಗಡಿಯವರು ಎರಡನೇ ಲೋಟ ಟೀ ಕುಡಿದರು. ಬಾಗಿಲು ಹಾಕಿದ ಅಂಗಡಿ ಅವತ್ತು ಮಧ್ಯಾಹ್ನದವರೆಗೂ ತೆರೆಯಲಿಲ್ಲ.

ಅವರು ಚಿಪ್ಸ್ ಮಾರುವುದನ್ನು ಬಿಟ್ಟರು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಈಗಲೂ ಅಂಗಡಿಯ ಮುಂದೆ ಪ್ಯಾಕೆಟ್ಟಿನ ಸರಗಳು ನೇತಾಡುತ್ತವೆ. ಆದರೆ ಅದರ ಪಕ್ಕದಲ್ಲೇ ಒಂದು ಗೋಣಿಚೀಲವನ್ನೂ ಅವರು ತೂಗುಹಾಕಿದರು. ತಿಂದವರು ಕವರನ್ನು ಅದಕ್ಕೇ ಹಾಕಬೇಕು, ಹಾಕದೆ ಹೋದವರನ್ನು ಕಲ್ಲಿನ ಮೇಲೆ ಕೂತ ಮಗಳು ಕೂಗಿ ಕರೆಯುತ್ತಾಳೆ. ಸಾಯಂಕಾಲ ಬೇಯಿಸಿದ ಕಡ್ಲೆಕಾಯಿಯನ್ನು ಪೇಪರ್ ಪೊಟ್ಟಣದಲ್ಲಿ ಮಾರಲೂ ಶುರು ಮಾಡಿದರು. ಬಿಸಿ ಬಿಸಿ ಇರುವಾಗಲೇ ಖಾಲಿಯಾಗುತ್ತದೆ. ಸಿಪ್ಪೆ ಎಲ್ಲಿ ಬಿದ್ದರೂ ಮಗಳಿಗೆ ತಕರಾರಿಲ್ಲ.

ಗೋಣಿಚೀಲ ತುಂಬಿದ ದಿನ ನಮಗೆ ಇನ್ನೊಂದು ಹಬ್ಬ. ಪಂಚಾಯಿತಿಯ ಕಸದ ಗಾಡಿ ನಮ್ಮ ಬೀದಿಯೊಳಗೆ ಬರುವುದಿಲ್ಲ, ಮುಖ್ಯರಸ್ತೆಯಲ್ಲೇ ಹಾಡು ಹಾಕಿಕೊಂಡು ಹೋಗುತ್ತದೆ. ಚೀಲವನ್ನು ನಾನೂ ಅಕ್ಕನೂ ಎರಡು ಕಡೆ ಹಿಡಿದುಕೊಂಡು, ಮಕ್ಕಳೆಲ್ಲ ಒಬ್ಬರ ಹಿಂದೆ ಒಬ್ಬರು ಫ್ರಾಕು, ಅಂಗಿ ಹಿಡಿದು ರೈಲಾಗಿ, ರಸ್ತೆಯ ತನಕ ಹೋದೆವು. ಗಾಡಿ ಓಡಿಸುತ್ತಿದ್ದದ್ದು ಒಬ್ಬ ಹೆಣ್ಣುಮಗಳು. ಇಷ್ಟು ಜನ ಕಾಯುತ್ತಿದ್ದದ್ದನ್ನು ಕಂಡು ಆಕೆ ಬ್ರೇಕ್ ಹಾಕಿ ಇಳಿದು, “ನನಗೆ ಮೆರವಣಿಗೆನಾ ಇದು?” ಎಂದು ನಕ್ಕಳು. ಚೀಲವನ್ನು ಕೊಟ್ಟೆವು. ಆಕೆ ಹಾಡಿನ ಸದ್ದನ್ನು ಇನ್ನಷ್ಟು ಏರಿಸಿದಳು. ರಸ್ತೆಯ ಬದಿಯಲ್ಲಿ ಮಕ್ಕಳು ಕುಣಿದದ್ದೂ ಕುಣಿದದ್ದೇ. ಅಕ್ಕ ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದವರು, ಆಮೇಲೆ ತಾವೂ ಎರಡು ಹೆಜ್ಜೆ ಹಾಕಿದರು. ಅದನ್ನು ಯಾರಿಗೂ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಈಗ ಬರೆದುಬಿಟ್ಟೆ.

ಈ ಸುದ್ದಿ ನಮ್ಮ ಸೂಪರ್‌ವೈಸರ್ ಮೇಡಂವರೆಗೂ ಹೋಯಿತು. ಅವರು ಬಂದು ಗುಂಡಿ ನೋಡಿ, ಮಕ್ಕಳ ಆಟದಲ್ಲಿ ಸಿಕ್ಕಿಬಿದ್ದು, ತಮ್ಮ ಪೆನ್ನು, ಕನ್ನಡಕ, ಬಳೆ ಎಲ್ಲದಕ್ಕೂ ‘ತಿನ್ನಲ್ಲ’ ಎನ್ನಿಸಿಕೊಂಡು ಹೋದರು. ಮುಳಬಾಗಿಲಿನಲ್ಲಿ ಜಿಲ್ಲೆಯ ಬೇರೆ ಬೇರೆ ಕಡೆಯ ಟೀಚರುಗಳ ಸಭೆಯೊಂದು ಇದೆ, ಅಲ್ಲಿ ನೀವೇ ಇದನ್ನು ಹೇಳಬೇಕು ಎಂದರು.

ನಾನು ಮೈಕಿನ ಮುಂದೆ ನಿಂತವಳೇ ಅಲ್ಲ. ಕೋಲಾರದಲ್ಲಿ ಬಸ್ಸು ಬದಲಾಯಿಸಿ ಹೆದ್ದಾರಿಯಲ್ಲಿ ಹೋಗುವಾಗ ಕಿಟಕಿಯ ಹೊರಗಿನದು ಏನೂ ಕಾಣಲಿಲ್ಲ. ತೊಡೆಯ ಮೇಲೆ ಸ್ಟೀಲ್ ಡಬ್ಬಿ, ಅದರೊಳಗೆ ಚಪ್ಪಲಿಯ ಬಾರು, ಚಿಪ್ಸ್ ಕವರು, ಸೊಪ್ಪಿನ ಬಲೆ, ಅಂಗಡಿಯವರಿಂದ ಕಾಡಿ ಬೇಡಿ ತಂದಿದ್ದ ಗಿಣಿ. ಸಭೆಯಲ್ಲಿ ನನ್ನ ಹೆಸರು ಕರೆದಾಗ ಬರೆದುಕೊಂಡಿದ್ದ ಭಾಷಣ ಮರೆತುಹೋಯಿತು. ಡಬ್ಬಿಯನ್ನು ಮೇಜಿನ ಮೇಲೆ ಸುರಿದು, “ಬನ್ನಿ, ಹತ್ರ ಬಂದು ನೋಡಿ,” ಎಂದೆ. ಅಷ್ಟೇ. ಕುರ್ಚಿಗಳು ಸರಿದವು, ಎಲ್ಲರೂ ಮೇಜಿನ ಸುತ್ತ ಮುತ್ತಿಕೊಂಡರು. ಗಿಣಿಯನ್ನು ಗುರುತಿಸಿ ಕಿರುಚಿದವರು ಎಷ್ಟು ಜನ!

ಮುಳಬಾಗಿಲು ಕಡೆಯ ಒಬ್ಬ ಟೀಚರ್, ಇನ್ನು ತಮ್ಮ ಮಕ್ಕಳು ಇದನ್ನು “ಮಟ್ಟಿ ತಿನದು” ಎಂದು ತೆಲುಗಿನಲ್ಲೇ ಆಡುತ್ತಾರೆ ನೋಡಿ ಎಂದರು. ಶ್ರೀನಿವಾಸಪುರದವರು, ತಮ್ಮಲ್ಲಿ ಮಾವಿನ ಕಾಲದಲ್ಲಿ ಎಲ್ಲಿ ನೋಡಿದರೂ ಹಣ್ಣು ತಿಂದು ಎಸೆದ ಓಟೆ, ಅದನ್ನು ಹೂತರೆ ಮಣ್ಣು ತಿನ್ನುವ ಬದಲು ಗಿಡ ಮಾಡಿ ವಾಪಸ್ ಕೊಡುತ್ತದೆ, ಅದಕ್ಕೆ ಮಕ್ಕಳು ಏನನ್ನುತ್ತಾರೋ ಎಂದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಆಗ ಮಾಲೂರಿನ ಒಬ್ಬ ಟೀಚರ್, ಅಷ್ಟು ಹೊತ್ತೂ ಸುಮ್ಮನಿದ್ದವರು, ಕೈ ಎತ್ತಿದರು.

“ನಮ್ಮ ಕಡೆ ಹೆಂಚು ಸುಡ್ತಾರೆ. ಒಡೆದ ಹೆಂಚಿನ ಚೂರು ಎಲ್ಲೆಲ್ಲೂ ಬಿದ್ದಿರುತ್ತೆ. ಅದನ್ನ ಹೂತ್ರೆ ಮಣ್ಣು ತಿನ್ನುತ್ತಾ? ಅದೂ ಮಣ್ಣೇ ತಾನೇ?”

ನನಗಂತೂ ಗೊತ್ತಿಲ್ಲ ಎಂದೆ, ಮತ್ತು ಹಾಗೆನ್ನುವಾಗ ಎಂಥ ಖುಷಿಯಾಯಿತು!

ಮಾರನೆಯ ಬೆಳಿಗ್ಗೆ ಮಕ್ಕಳ ಮುಂದೆ ಆ ಪ್ರಶ್ನೆಯನ್ನು ಇಟ್ಟೆ. ವಾದ ಶುರುವಾಯಿತು.

“ತಿನ್ನಲ್ಲ. ಮಣ್ಣು ಮಣ್ಣನ್ನೇ ಹೆಂಗೆ ತಿನ್ನುತ್ತೆ?”

“ಹಸಿವಾದ್ರೆ ತಿನ್ನುತ್ತೆ ಕಣೋ!”

“ಸುಟ್ಟಿರೋದು ಅದು. ಸುಟ್ಟಿದ್ರೆ ರುಚಿ ಜಾಸ್ತಿ, ಜೋಳ ಇರಲ್ವಾ!”

ಅಂಗಡಿಯವರ ಮಗಳು ವಾದಕ್ಕೆ ನಿಲ್ಲಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಅವಳು ಅಂಗಳದಾಚೆ ಹಳೇ ಗೋಡೆಯ ಬುಡದಲ್ಲಿ ಬಗ್ಗಿ ಹೆಂಚಿನ ಚೂರು ಆರಿಸುತ್ತಿದ್ದಳು. ಒಳಗಿನಿಂದ ಅಕ್ಕ, ಈ ಸಲ ಯಾರೂ ಕೇಳದೆಯೇ, ಸನಿಕೆ ಹಿಡಿದುಕೊಂಡು ಬರುತ್ತಿದ್ದರು.